ತಿರುವಿನ ಮೇಲಿನ ಕೆಂಪು ಚುಕ್ಕೆ

ಕೊಪ್ಪದ ಆ ಕೋಣೆಯಲ್ಲಿ ನನ್ನ ದಿನ ಶುರುವಾಗುತ್ತಿದ್ದದ್ದು ಒಂದು ಬಿಳಿ ಚೌಕದಿಂದ. ಕಂಪ್ಯೂಟರ್ ಪರದೆಯ ನಡುವೆ ಅದು ತೆರೆದುಕೊಂಡು ನಾಲ್ಕು ವಿಷಯ ಕೇಳುತ್ತಿತ್ತು: ಸರ್ವರಿನ ವಿಳಾಸ, ಪೋರ್ಟ್ ಸಂಖ್ಯೆ, ಬಳಕೆದಾರರ ಹೆಸರು, ಪಾಸ್‌ವರ್ಡ್. ನಾಲ್ಕನ್ನೂ ತುಂಬಿ ಬಟನ್ ಒತ್ತಿದರೆ ಒಂದು ಚಕ್ರ ಸುತ್ತತೊಡಗುತ್ತಿತ್ತು. ಕೆಲವೊಮ್ಮೆ ಅದು ನಿಂತು, ದೂರದ ಯಾವುದೋ ನಗರದಲ್ಲಿದ್ದ ಮಾಹಿತಿಯೆಲ್ಲ ಸಾಲುಸಾಲಾಗಿ ಇಳಿಯುತ್ತಿತ್ತು. ಹೆಚ್ಚಿನ ದಿನ ‘ಸಂಪರ್ಕ ಸಾಧ್ಯವಾಗಲಿಲ್ಲ’ ಎಂಬ ಅರ್ಥದ ಒಂದು ಇಂಗ್ಲಿಷ್ ವಾಕ್ಯ ಬರುತ್ತಿತ್ತು. ಇಡೀ ಬೆಳಿಗ್ಗೆ ನನ್ನೊಡನೆ ಯಾರಾದರೂ ಮಾತಾಡಿದ್ದರೆ ಆ ವಾಕ್ಯವೊಂದೇ ಎನ್ನುವಂಥ ದಿನಗಳೂ ಇದ್ದವು.

ಕೆಲಸ ಮಂಗನ ಕಾಯಿಲೆಯದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲ್ಲೂಕುಗಳಲ್ಲಿ ಎಲ್ಲಿ ಮಂಗ ಸತ್ತರೂ ಆ ಊರಿನ ಆಶಾ ಕಾರ್ಯಕರ್ತೆ ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಬೇಕು. ಕಳಿಸುವಾಗ ಜಾಗ ಯಾವುದೆಂದು ಮೊಬೈಲ್ ತಾನೇ ಗುರುತು ಹಾಕುತ್ತದೆ. ಅದು ದೂರದ ಸರ್ವರಿಗೆ ಹೋಗಿ ಕೂರುತ್ತದೆ. ನಾನು ನನ್ನ ಮೇಜಿನ ಕಂಪ್ಯೂಟರಿನಲ್ಲಿದ್ದ ವರದಿಯ ಸಾಫ್ಟ್‌ವೇರನ್ನು ಆ ಸರ್ವರಿಗೆ ಜೋಡಿಸಿ, ಮಾಹಿತಿ ಎಳೆದು, ಪ್ರತಿ ಸೋಮವಾರ ಒಂದು ಪಟ್ಟಿ ಮತ್ತು ಒಂದು ನಕ್ಷೆ ಮಾಡಿ ಮೇಲಿನವರಿಗೆ ಕೊಡಬೇಕು. ನಕ್ಷೆಯಲ್ಲಿ ಒಂದೊಂದು ಸತ್ತ ಮಂಗಕ್ಕೂ ಒಂದೊಂದು ಕೆಂಪು ಚುಕ್ಕೆ. ಮಂಗ ಸತ್ತ ಮೇಲೆ ಅದರ ಮೈಮೇಲೆ ರಕ್ತ ಹೀರುತ್ತಿದ್ದ ಉಣುಗುಗಳು ಉದುರಿ ಸುತ್ತಲಿನ ತರಗೆಲೆಯಲ್ಲಿ ಕಾಯುತ್ತವೆ; ಅಲ್ಲಿ ಓಡಾಡಿದವರಿಗೆ ಕಚ್ಚಿದರೆ ಕಾಯಿಲೆ. ಆದ್ದರಿಂದ ಚುಕ್ಕೆ ಬಿದ್ದಲ್ಲಿಗೆ ಒಂದು ತಂಡ ಹೋಗುತ್ತಿತ್ತು. ಸುತ್ತಲಿನ ಮನೆಗಳವರಿಗೆ ಕಾಡಿಗೆ ಹೋಗಬೇಡಿ ಎಂದು ಹೇಳಿ, ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚುವ ಎಣ್ಣೆ ಕೊಡುತ್ತಿತ್ತು. ಚುಕ್ಕೆ ತಪ್ಪಿದರೆ ಎಣ್ಣೆಯೂ ತಪ್ಪುತ್ತದೆ. ಇಷ್ಟನ್ನು ನನಗೆ ಮೊದಲ ದಿನವೇ ಹೇಳಿಕೊಟ್ಟಿದ್ದರು.

ನಾನು ಓದಿದ್ದು ಇತಿಹಾಸ. ಬಾಯಿಮಾತಿನ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದರ ಮೇಲೆ ವಿಶ್ವವಿದ್ಯಾಲಯದಲ್ಲಿ ಇನ್ನೂರು ಪುಟ ಬರೆದವನು. ನಂಬಬಾರದು ಎನ್ನುವುದೇ ಅದರ ಸಾರ. ಜನ ಕಂಡದ್ದನ್ನೂ ಕೇಳಿದ್ದನ್ನೂ ಕಲಸಿ ಹೇಳುತ್ತಾರೆ, ಹೇಳುತ್ತ ಹೇಳುತ್ತ ಅದೇ ನಿಜವಾಗುತ್ತದೆ ಎಂದು ಬರೆದಿದ್ದೆ. ಆ ಜನರಲ್ಲಿ ನಾನೂ ಒಬ್ಬ ಎಂದು ಬರೆಯುವಾಗ ಹೊಳೆದಿತ್ತೋ ಇಲ್ಲವೋ ಈಗ ನೆನಪಿಲ್ಲ. ಓದು ಮುಗಿದ ಮೇಲೆ ಒಂದೂರಿನಲ್ಲಿ ಒಂದು ವರ್ಷ ನಿಂತವನಲ್ಲ. ಈ ಗುತ್ತಿಗೆ ಕೆಲಸ ಹಿಡಿದು ಮೊದಲು ಕೆಲವು ವಾರ ನರಸಿಂಹರಾಜಪುರದಲ್ಲಿದ್ದೆ, ಆಮೇಲೆ ಕೊಪ್ಪಕ್ಕೆ ಬಂದೆ. ಬಸ್ ನಿಲ್ದಾಣದ ಹತ್ತಿರ ಮಹಡಿಯ ಮೇಲೊಂದು ಬಾಡಿಗೆ ಕೋಣೆ, ಅಲ್ಲಿಂದ ಹತ್ತು ನಿಮಿಷದ ದಾರಿಯಲ್ಲಿ ಈ ಕೆಲಸದ ಕೋಣೆ. ಎರಡರಲ್ಲೂ ನಾನೊಬ್ಬನೇ. ಊಟದ ಹೋಟೆಲಿನವರು ನಾನು ಕೂತ ಕೂಡಲೇ ಕೇಳದೆಯೇ ತಟ್ಟೆ ತಂದಿಡುತ್ತಿದ್ದರು. ಅದನ್ನು ಆತ್ಮೀಯತೆ ಎಂದು ಎಣಿಸಿದ್ದೆ. ಒಂದು ದಿನ ನೋಡಿದೆ, ಎಲ್ಲರಿಗೂ ಹಾಗೆಯೇ ಇಡುತ್ತಿದ್ದರು.

ಹೆಚ್ಚುಕಡಿಮೆ ಪ್ರತಿದಿನ ನಾನು ಮಾತಾಡುತ್ತಿದ್ದ ಒಬ್ಬರೆಂದರೆ ಸರ್ವರ್ ನೋಡಿಕೊಳ್ಳುವವರು. ಅವರ ಮುಖ ನಾನು ಈವರೆಗೂ ನೋಡಿಲ್ಲ. ನಮ್ಮ ಕೋಣೆಯ ಇಂಟರ್‌ನೆಟ್ಟಿಗೆ ಸಂಖ್ಯೆಗಳಲ್ಲಿ ಒಂದು ವಿಳಾಸ ಇರುತ್ತದೆ. ತನಗೆ ಗುರುತಿರುವ ವಿಳಾಸಗಳಿಂದ ಬಂದವರನ್ನು ಮಾತ್ರ ಸರ್ವರ್ ಒಳಗೆ ಬಿಡುತ್ತದೆ. ಕೊಪ್ಪದಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ನಮ್ಮ ವಿಳಾಸ ಬದಲಾಗುತ್ತಿತ್ತು. ಆಗ ನಾನು ಫೋನ್ ಮಾಡಿ ಹೊಸ ಸಂಖ್ಯೆ ಓದಿ ಹೇಳಬೇಕು, ಅವರು ಬರೆದುಕೊಂಡು ಬಾಗಿಲು ತೆಗೆಯಬೇಕು. ಅವರದು ಉತ್ತರ ಕರ್ನಾಟಕದ ಮಾತು.

“ಮತ್ತ ಮನಿ ಬದಲಿ ಮಾಡಿದ್ರೇನ್ರಿ ಸರ?”

“ಕರೆಂಟ್ ಹೋಗಿತ್ತು.”

“ನಿಮ್ಮೂರಾಗ ಕರೆಂಟ್ ಹೋತಂದ್ರ ಸುದ್ದಿ ಅಲ್ಲ, ಬಂತಂದ್ರ ಸುದ್ದಿ. ಹೇಳ್ರಿ ನಂಬರ.”

ಇಷ್ಟೇ ಮಾತು. ಆದರೂ ಕರೆಂಟ್ ಹೋಗದ ದಿನ ಏನೋ ತಪ್ಪಿದಂತೆ ಅನಿಸುತ್ತಿತ್ತು.

ಆ ದಿನವೂ ಹಾಗೆಯೇ. ಶುಕ್ರವಾರ ಎಂದು ಖಾತ್ರಿ ಇದೆ, ಉಳಿದದ್ದರ ಬಗ್ಗೆ ಅಷ್ಟು ಖಾತ್ರಿ ಇಲ್ಲ. ಕರೆಂಟ್ ಹೋಗಿ ಬಂದು ಸಂಪರ್ಕ ಕಡಿದಿತ್ತು. ಎಡಗಿವಿಗೆ ನನ್ನ ಮೊಬೈಲ್ ಹಿಡಿದು ಸರ್ವರಿನವರಿಗೆ ಸಂಖ್ಯೆ ಹೇಳುತ್ತಿದ್ದೆ. ಆಗ ಮೇಜಿನ ಮೇಲಿನ ಫೋನ್ ಬಡಿದುಕೊಂಡಿತು. ಅದು ಕಾರ್ಯಕರ್ತೆಯರು ಮಾಡುವ ಫೋನ್. ಎತ್ತಿ ಬಲಗಿವಿಗೆ ಇಟ್ಟುಕೊಂಡೆ. ಕೆರೆಕಟ್ಟೆ ಕಡೆಯ ಆಶಾ ಅಕ್ಕ. ಮಂಗ ಸತ್ತಿದೆ, ಫೋಟೊ ಕಳಿಸಿದ್ದೇನೆ, ಜಾಗ ಹೇಳುತ್ತೇನೆ ಎಂದರು. ಎಡಗಿವಿಯಲ್ಲಿ, “ಕಡೀ ಮೂರು ಅಂಕಿ ಇನ್ನೊಮ್ಮೆ ಹೇಳ್ರಿ.” ಬಲಗಿವಿಯಲ್ಲಿ ಹಳ್ಳಿ, ಕಾಡು, ಮನೆ ಎಂದೇನೇನೋ. ಹಿಂದೆಲ್ಲೋ ಒಂದು ಹುಂಜ ಕೂಗಿತು. ನಾನು ಸಂಖ್ಯೆ ಹೇಳಿದೆ, ‘ಆಯ್ತು’ ಎಂದೆ, ಎರಡೂ ಫೋನ್ ಇಟ್ಟೆ. ಬಾಗಿಲು ತೆಗೆಯಿತು. ಮಾಹಿತಿ ಇಳಿಯಿತು. ಕೊನೆಯ ಸಾಲಿನಲ್ಲಿ ಅಕ್ಕ ಕಳಿಸಿದ ಫೋಟೊವೂ ಅದರ ಜಾಗವೂ ಇತ್ತು. ಯಂತ್ರವೇ ಬರೆದುಕೊಂಡಿರುವಾಗ ನಾನು ಬರೆಯುವುದೇನು?

ಸೋಮವಾರ ನಕ್ಷೆ ತೆಗೆದೆ. ನರಸಿಂಹರಾಜಪುರದ ಚುಕ್ಕೆಗಳು ಹಿನ್ನೀರಿನ ದಡದುದ್ದಕ್ಕೂ ಚೆದುರಿ ಬಿದ್ದಿದ್ದವು. ಕೆರೆಕಟ್ಟೆ ಕಡೆಯವು ಮಾತ್ರ ಒಂದರ ಮೇಲೊಂದು ಕೂತು ಒಂದೇ ದಪ್ಪ ಚುಕ್ಕೆಯಾಗಿದ್ದವು, ಕಾಡಿನ ರಸ್ತೆಯ ಒಂದು ತಿರುವಿನಲ್ಲಿ. ನನ್ನೊಳಗಿನ ಪದವೀಧರ ಎದ್ದು ಕೂತ. ‘ಸಾವುಗಳು ಈ ಒಂದು ತಿರುವಿನಲ್ಲಿ ಕೇಂದ್ರೀಕೃತವಾಗಿರುವುದು ಗಮನಾರ್ಹ’ ಎಂದು ವರದಿಯಲ್ಲಿ ಒಂದು ವಾಕ್ಯ ಸೇರಿಸಿದೆ. ಬಹಳ ದಿನದ ಮೇಲೆ ನಾನು ಸಂತೋಷಪಟ್ಟು ಬರೆದ ವಾಕ್ಯ ಅದು. ತಂಡ ತಿರುವಿಗೆ ಹೋಗಿ ಬಂತು.

ಅದಾಗಿ ನಾಲ್ಕೈದು ದಿನ ಆ ಹುಂಜ ನನ್ನನ್ನು ಬಿಡಲಿಲ್ಲ. ಬಟ್ಟೆ ಒಗೆಯುವಾಗ, ಹೋಟೆಲಿನಲ್ಲಿ ಮಜ್ಜಿಗೆ ಕಲಸುವಾಗ ಅದರ ಕೂಗು ನೆನಪಾಗುತ್ತಿತ್ತು. ಹುಂಜ ಕೂಗಿದ್ದರೆ ಅಕ್ಕ ಯಾರದೋ ಮನೆಯ ಹತ್ತಿರ ನಿಂತು ಫೋನ್ ಮಾಡಿರಬೇಕು. ಉಪಗ್ರಹದ ಚಿತ್ರದಲ್ಲಿ ಆ ತಿರುವನ್ನು ಎಷ್ಟು ದೊಡ್ಡದು ಮಾಡಿ ನೋಡಿದರೂ ಒಂದು ಹೆಂಚಿನ ಮಾಡೂ ಕಾಣಲಿಲ್ಲ. ಹಾಗಾದರೆ ಮಂಗ ಸತ್ತದ್ದೆಲ್ಲಿ? ಅಕ್ಕ ಹೇಳಿದ್ದು ಯಾವ ಜಾಗ? ನೆನಪನ್ನು ಕೆದಕಿದೆ. ಒಮ್ಮೆ ಮೆಣಸೆ ಎಂದು ಕೇಳಿದಂತಾಯಿತು. ಇನ್ನೊಮ್ಮೆ ಸಿರಿಮನೆ ಎಂದು. ಎರಡೂ ನಾನು ಹಿಂದಿನ ವಾರದ ಪಟ್ಟಿಯಲ್ಲಿ ಓದಿದ ಹೆಸರುಗಳು. ಹಾಗಾಗಿ ಎರಡನ್ನೂ ನಂಬಲಿಲ್ಲ. ಅವತ್ತು ಸಂಖ್ಯೆ ಬರೆದುಕೊಂಡ ಚೀಟಿ ಕೀಬೋರ್ಡಿನ ಅಡಿಯಲ್ಲಿ ಸಿಕ್ಕಿತು. ಸಂಖ್ಯೆಯ ಕೆಳಗೆ ‘ಹಳ್’ ಎಂದು ಬರೆದು ನಿಲ್ಲಿಸಿತ್ತು. ಅಕ್ಷರ ನನ್ನದೇ. ಬರೆದ ನೆನಪಿಲ್ಲ.

ಅಕ್ಕನಿಗೆ ಫೋನ್ ಮಾಡಿದರೆ ವ್ಯಾಪ್ತಿಯ ಹೊರಗೆ. ಎರಡು ದಿನ ಮಾಡಿದೆ. ಮೂರನೆಯ ದಿನ ಬೆಳಿಗ್ಗೆ ಶೃಂಗೇರಿಯ ಬಸ್ ಹತ್ತಿದೆ. ಅಲ್ಲಿಂದ ಕೆರೆಕಟ್ಟೆ ಕಡೆಗೆ ಹೋಗುವ ಬಸ್ಸಿಗೆ ಬಹಳ ಹೊತ್ತು ಕಾಯಬೇಕಾಯಿತು. ನಾನು ಇಳಿಯಬೇಕಾದ ಜಾಗಕ್ಕೆ ಹೆಸರು ಗೊತ್ತಿಲ್ಲದೆ ಕಂಡಕ್ಟರಿಗೆ ಮೊಬೈಲಿನ ನಕ್ಷೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು.

“ಓ, ನೆಟ್‌ವರ್ಕ್ ತಿರುವಾ? ಹಂಗೆ ಹೇಳಿ ಮಾರಾಯ್ರೆ. ಅಲ್ಲಿ ಮಾತ್ರ ಟವರ್ ಸಿಗೋದು. ಎಂತ, ಫೋನ್ ಮಾಡ್ಲಿಕ್ಕೆ ಶೃಂಗೇರಿಯಿಂದ ಹೊರಟ್ರಾ?”

ಹಿಂದಿನ ಸೀಟಿನವರು ನಕ್ಕರು. ನಾನೂ ನಕ್ಕಿರಬೇಕು. ಟಿಕೆಟ್ ಹಿಡಿದುಕೊಂಡು ಕಿಟಕಿಯ ಕಡೆ ತಿರುಗಿದಾಗ ಅರ್ಥವಾಯಿತು. ಮಂಗಗಳು ಆ ತಿರುವಿನಲ್ಲಿ ಸತ್ತಿರಲಿಲ್ಲ. ಮೊಬೈಲುಗಳು ಮಾತ್ರ ಅಲ್ಲಿ ಬದುಕಿದ್ದವು.

ತಿರುವಿನಲ್ಲಿ ಮೋರಿಯ ಕಟ್ಟೆಯ ಮೇಲೆ ಇಬ್ಬರು ಕೂತಿದ್ದರು. ತಲೆಗೆ ಟವೆಲ್ ಸುತ್ತಿದ್ದ ತೋಟದ ಕೆಲಸದವರೊಬ್ಬರು ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದರು. ಗುಲಾಬಿ ಸೀರೆಯ ಹೆಂಗಸೊಬ್ಬರು ಮೊಬೈಲನ್ನು ಆಕಾಶಕ್ಕೆ ಎತ್ತಿ ಹಿಡಿದಿದ್ದರು. ಆ ಸೀರೆ ನೋಡಿ ಗುರುತಾಯಿತು, ಆಶಾ ಅಕ್ಕ. ಹೋಗಿ ನಾನು ಯಾರೆಂದು ಹೇಳಿದೆ.

“ಕೊಪ್ಪದ ಸಾರಾ? ದನಿ ಕೇಳಿ ವಯಸ್ಸಾದವ್ರು ಅಂದ್ಕಂಡಿದ್ದೆ!”

“ಅಕ್ಕಾ, ಅವತ್ತಿನ ಮಂಗ ಸತ್ತಿದ್ದು ಇಲ್ಲೇ ಅಲ್ವಾ?” ಎಂದು ಕೇಳಿದೆ. ಉತ್ತರ ಗೊತ್ತಿದ್ದೂ ಕೇಳಿದೆ.

“ಇಲ್ಲಿ ಎಂತಕ್ಕೆ ಸಾಯ್ತದೆ ಸಾರ್? ಅದಕ್ಕೂ ನೆಟ್‌ವರ್ಕ್ ಬೇಕಿತ್ತಾ?”

ತಲೆಗೆ ಟವೆಲ್ ಸುತ್ತಿದವರು ಬೈಯುವುದನ್ನು ನಿಲ್ಲಿಸಿ ನಮ್ಮ ಕಡೆ ನೋಡಿದರು.

“ಅಲ್ಲಿ ಬಟನ್ ಒತ್ತಿದ್ರೆ ಸುತ್ತುತ್ತಾ ಇರ್ತದೆ, ಹೋಗೋದೇ ಇಲ್ಲ. ಇಲ್ಲಿಗೆ ಬಂದು ಒತ್ತಿದ್ರೆ ಹೋಗ್ತದೆ. ನಮ್ಮ ಕಡೆ ಎಲ್ಲರೂ ಹಂಗೇ ಮಾಡೋದು. ಜಾಗ ತಪ್ಪಾಗ್ಬಾರ್ದು ಅಂತ ಅಲ್ವಾ ಅವತ್ತು ನಿಮ್ಗೆ ಬಾಯಲ್ಲೂ ಹೇಳಿದ್ದು? ಹಳ್ಳದಾಚೆ, ಎರಡು ಮನೆ ಹಿಂದಿನ ಕಾಡು. ನೀವು ವಾಪಸ್ ಹೇಳಿದ್ರಿ.”

“ನಾನು ಹೇಳಿದ್ನಾ?”

“‘ಹಳ್ಳದಾಚೆ, ಎರಡು ಮನೆ, ಬರ್ಕೊಂಡೆ ಅಕ್ಕ’ ಅಂದ್ರಿ. ನಾನು ನಿಶ್ಚಿಂತೆಯಾಗಿ ಮನೆಗೆ ಹೋದೆ.”

ಆಕೆ ಆರೋಪಿಸುತ್ತಿರಲಿಲ್ಲ, ನಡೆದದ್ದನ್ನು ನಡೆದಂತೆ ಹೇಳುತ್ತಿದ್ದರು. ನನಗೆ ಆ ಮಾತು ಆಡಿದ ನೆನಪು ಎಳ್ಳಷ್ಟೂ ಇರಲಿಲ್ಲ. ಅದು ನನ್ನ ಮಾತಿನ ಧಾಟಿಯೇ, ಆದರೆ ಬೇರೆ ಯಾರೋ ನನ್ನ ದನಿಯಲ್ಲಿ ಆಡಿದ ಹಾಗೆ ಕೇಳಿಸಿತು.

“ತಂಡದವರು ಬಂದಿದ್ರಲ್ಲ?”

“ಬಂದಿದ್ರಂತೆ. ನಾನು ಅವತ್ತು ಶೃಂಗೇರಿಯಲ್ಲಿ ಮೀಟಿಂಗಲ್ಲಿದ್ದೆ. ತಿರುವು ದಾಟಿ ಕೆಳಗಿರೋ ಮನೆಗಳಿಗೆಲ್ಲ ಎಣ್ಣೆ ಕೊಟ್ಟು ಹೋದ್ರಂತೆ. ಹಳ್ಳದಾಚೆಗೂ ಹೋಗಿರ್ತಾರೆ ಅಂದ್ಕಂಡೆ.” ಮೊಬೈಲನ್ನು ಮತ್ತೆ ಎತ್ತಿ ಹಿಡಿದರು. “ಅಲ್ಲಿ ಅಕ್ಕತಂಗಿ ಇಬ್ರೇ ಇರೋದು ಸಾರ್, ಅಕ್ಕಪಕ್ಕದ ಮನೇಲಿ. ಕಾಡಿಗೆ ಹೋಗ್ಬೇಡಿ, ಎಣ್ಣೆ ಬರ್ತದೆ ಅಂತ ನಾನೇ ಹೇಳಿದ್ದೆ. ಅವರಲ್ಲಿ ದೊಡ್ಡೋರು, ದೊಡ್ಡಮ್ಮ, ಮೂರ್ನಾಲ್ಕು ದಿನ ಕಾದ್ರು. ಕೊಟ್ಟಿಗೆಗೆ ದರಗು ಬೇಕಲ್ಲ, ಆಮೇಲೆ ಹೋದ್ರು. ನಿನ್ನೆಯಿಂದ ಜ್ವರ. ಈಗ ಜೀಪಿಗೆ ಫೋನ್ ಮಾಡ್ಲಿಕ್ಕೇ ಬಂದಿದ್ದೆ.”

ದನಕ್ಕೆ ಹಾಸಲು ಕಾಡಿನಿಂದ ಗುಡಿಸಿ ತರುವ ಒಣ ಎಲೆಯೇ ದರಗು. ಉಣುಗು ಕಾಯುವುದು ಅದರಲ್ಲಿಯೇ.

ಜೀಪಿನವರು ಬರುತ್ತೇವೆಂದರು. ಅಕ್ಕ ಮುಂದೆ, ನಾನು ಹಿಂದೆ ನಡೆದೆವು. ಹಳ್ಳಕ್ಕೆ ಎರಡು ಮರದ ದಿಮ್ಮಿ ಅಡ್ಡ ಹಾಕಿದ ಸಂಕ ಇತ್ತು. ಅದರ ನಡುವೆ ನಿಂತು, “ನಾನು ಬರೆದುಕೊಂಡಿರಲಿಲ್ಲ ಅಕ್ಕ” ಎಂದೆ. ಆಕೆ ತಿರುಗಿ ನೋಡಿದರು. “ಕಾಲು ನೋಡ್ಕಂಡು ಇಡಿ, ಜಾರ್ತದೆ” ಎಂದು ಮುಂದೆ ಹೋದರು.

ದೊಡ್ಡಮ್ಮ ಜಗಲಿಯಲ್ಲಿ ಕಂಬಳಿ ಹೊದ್ದು ಮಲಗಿದ್ದರು. ಕಣ್ಣು ಕೆಂಪಾಗಿದ್ದವು. ತಂಗಿ ಹಣೆಗೆ ಒದ್ದೆ ಬಟ್ಟೆ ಇಡುತ್ತಿದ್ದರು. ನನ್ನ ಕೈಚೀಲ ನೋಡಿ ದೊಡ್ಡಮ್ಮ ತಲೆ ಎತ್ತಿದರು.

“ಎಣ್ಣೆ ತಂದ್ಯಾ ಮಾರಾಯ?”

“ಇಲ್ಲಮ್ಮ. ನಾನು ಎಣ್ಣೆಯವನಲ್ಲ, ಕಂಪ್ಯೂಟರಿನವನು.”

“ಹಂಗಾರೆ ಕಂಪ್ಯೂಟರನ್ನೇ ತಿಕ್ಕಿ ಕಾಲಿಗೆ ಹಚ್ಚು.”

ತಂಗಿ, “ಸುಮ್ನಿರೇ, ಜ್ವರದಲ್ಲೂ ಬಾಯಿ ನಿಲ್ಲಲ್ಲ” ಎಂದು ಗದರಿದರು. ದೊಡ್ಡಮ್ಮ ಮಾತ್ರ ನನ್ನನ್ನೇ ನೋಡುತ್ತಿದ್ದರು. “ಬರ್ತದೆ ಬರ್ತದೆ ಅಂದ್ರು. ಆ ಮಾತು ನಂಬ್ಕಂಡು ನಾಲ್ಕು ದಿನ ಕೊಟ್ಟಿಗೆ ಕೆಸರಾಯ್ತು. ದನ ಎಲ್ಲಿ ಮಲಗ್ಬೇಕು ಹೇಳು?” ಎಂದು ಮತ್ತೆ ಕಣ್ಣು ಮುಚ್ಚಿದರು.

ಸುತ್ತ ನೋಡಿದೆ. ಅಂಗಳದಲ್ಲಿ ಕೋಳಿ ಇರಲಿಲ್ಲ. ಕೋಳಿ ಸಾಕುತ್ತೀರಾ ಎಂದು ತಂಗಿಯನ್ನು ಕೇಳಿದೆ. ಕಾಡುಬೆಕ್ಕು ಉಳಿಸುವುದಿಲ್ಲ, ಬಿಟ್ಟು ಎಷ್ಟೋ ವರ್ಷವಾಯಿತು ಎಂದರು. ಜ್ವರದವರ ಮನೆಯಲ್ಲಿ ಕೋಳಿ ವಿಚಾರಿಸುತ್ತಾನಲ್ಲ ಎಂಬಂತೆ ಅವರ ಮುಖವಿತ್ತು. ಆಶಾ ಅಕ್ಕ ಫೋನ್ ಮಾಡಿದ್ದು ತಿರುವಿನಿಂದ, ತಿರುವಿನಲ್ಲಿ ಮನೆಯಿಲ್ಲ, ಇಲ್ಲಿ ಕೋಳಿಯಿಲ್ಲ. ನನ್ನನ್ನು ಇಲ್ಲಿಯವರೆಗೆ ಎಳೆದುಕೊಂಡು ಬಂದ ಹುಂಜ ನಾನೇ ಹುಟ್ಟಿಸಿದ್ದು ಎಂದಾಯಿತು. ಇನ್ನೂರು ಪುಟದಲ್ಲಿ ಬೇರೆಯವರ ಮೇಲೆ ಹೊರಿಸಿದ್ದನ್ನು ನಾನೇ ಮಾಡಿದ್ದೆ.

ಜೀಪ್ ರಸ್ತೆಯಲ್ಲಿ ನಿಂತಿತು. ದೊಡ್ಡಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಸಂಕ ದಾಟಿಸಬೇಕಾಯಿತು. ತಿರುವಿನಿಂದ ಜೀಪಿನವರೊಡನೆ ಬಂದಿದ್ದ ಟವೆಲ್ ಸುತ್ತಿದವರು ಒಂದು ಕಡೆ ಹಿಡಿದರು, ಇನ್ನೊಂದು ಕಡೆ ನಾನು. ದೊಡ್ಡಮ್ಮನ ಮೈಯ ಬಿಸಿ ಕುರ್ಚಿಯ ಹಿಡಿಯ ಮೇಲಿದ್ದ ನನ್ನ ಬೆರಳಿಗೆ ತಾಗುತ್ತಿತ್ತು. ಆಸ್ಪತ್ರೆಯಲ್ಲಿ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಎಣ್ಣೆಯ ತಂಡ ಮಾರನೆಯ ಬೆಳಿಗ್ಗೆ ಹಳ್ಳದಾಚೆಗೆ ಹೋಯಿತು.

ಪರೀಕ್ಷೆಯ ಫಲಿತಾಂಶವೂ ಅದೇ ಸರ್ವರಿಗೇ ಬರುತ್ತದೆ. ಎರಡು ದಿನ ನಾನು ಕೋಣೆ ಬಿಟ್ಟು ಕದಲಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ವರದಿಯನ್ನು ಹೊಸದಾಗಿ ಓಡಿಸುತ್ತಿದ್ದೆ. ಪಟ್ಟಿಯಲ್ಲಿ ದೊಡ್ಡಮ್ಮನ ಸಾಲಿನ ಕೊನೆಯ ಮನೆ, ಫಲಿತಾಂಶದ್ದು, ಖಾಲಿಯಾಗಿಯೇ ಇರುತ್ತಿತ್ತು. ಎರಡನೆಯ ದಿನ ಮಧ್ಯಾಹ್ನ ಕರೆಂಟ್ ಹೋಯಿತು. ಬಂದ ಮೇಲೆ ಎಷ್ಟು ಒತ್ತಿದರೂ ಚಕ್ರ ಸುತ್ತಿ ಸುತ್ತಿ ಅದೇ ಇಂಗ್ಲಿಷ್ ವಾಕ್ಯ. ಸರ್ವರಿನವರಿಗೆ ಫೋನ್ ಮಾಡಿದೆ.

“ಮನಿ ಬದಲಾತೇನ್ರಿ?”

“ಬದಲಾಯ್ತು. ಸ್ವಲ್ಪ ಬೇಗ ಮಾಡಿ, ದಯವಿಟ್ಟು.”

“ಯಾಕ್ರಿ ಸರ, ದನಿ ಹಿಂಗ್ಯಾಕ ಆಗೇತಿ?”

ಇಷ್ಟು ದಿನದಲ್ಲಿ ಅವರು ಸಂಖ್ಯೆ ಬಿಟ್ಟು ಬೇರೆ ಏನನ್ನಾದರೂ ಕೇಳಿದ್ದು ಅದೇ ಮೊದಲು. ಉತ್ತರ ಕೊಡಲು ಬಾಯಿ ತೆರೆದೆ. ಆಗ ಫೋನಿನೊಳಗೆ, ಅವರ ಹಿಂದೆಲ್ಲೋ, ಹುಂಜ ಕೂಗಿತು.

ಮೊಬೈಲನ್ನು ಕಿವಿಗೆ ಒತ್ತಿ ಹಿಡಿದೆ.

“ನಿಮ್ಮಲ್ಲಿ ಕೋಳಿ ಇದೆಯಾ?”

“ಆಫೀಸಿನ್ಯಾಗ ಎಲ್ಲಿ ಕೋಳಿರಿ! ಕೆಳಗ ಕೋಳಿ ಅಂಗಡಿ ಐತಿ. ಗಿರಾಕಿ ಬರೂತನಕ ಕೂಗತಾವು. ಯಾಕ್ರಿ, ಅಲ್ಲೀತನಕ ಕೇಳಸ್ತದೇನು?”

“ಕೇಳಿಸ್ತದೆ” ಎಂದೆ. ಕೂಗಿದ್ದು ನಿಜ, ಕೇಳಿದ್ದೂ ನಿಜ. ಎಡಗಿವಿಯದನ್ನು ಬಲಗಿವಿಯಲ್ಲಿ ಇಟ್ಟುಕೊಂಡಿದ್ದೆ, ಅಷ್ಟೇ. ಅದಕ್ಕೆ ಸಮಾಧಾನ ಪಡಬೇಕೋ ನಾಚಬೇಕೋ ತಿಳಿಯಲಿಲ್ಲ. ಆ ತಪ್ಪಾದ ನೆನಪು ಇಲ್ಲದಿದ್ದರೆ ನಾನು ಬಸ್ ಹತ್ತುತ್ತಲೇ ಇರಲಿಲ್ಲ. ಸಂಖ್ಯೆ ಓದಿ ಹೇಳಿದೆ. ಒಂದೊಂದು ಅಂಕಿಯನ್ನೂ ಅವರು ತಿರುಗಿ ಹೇಳಿದರು. ಬಾಗಿಲು ತೆಗೆಯಿತು.

ಸಾಲಿನ ಕೊನೆಯ ಮನೆ ತುಂಬಿತ್ತು. ಪಾಸಿಟಿವ್.

ಆಶಾ ಅಕ್ಕನಿಗೆ ಫೋನ್ ಮಾಡಿದೆ, ವ್ಯಾಪ್ತಿಯ ಹೊರಗೆ. ಆಸ್ಪತ್ರೆಗೆ ಮಾಡಿದೆ, ಅವರಿಗೆ ಆಗಲೇ ಗೊತ್ತಿತ್ತು. ಮತ್ತೆ ಯಾರಿಗೆ ಹೇಳಲಿ? ಸರ್ವರಿನವರ ನಂಬರ್ ಒತ್ತಿ, ಕರೆ ಹೋಗುವ ಮೊದಲೇ ಕತ್ತರಿಸಿದೆ. ಆ ಒಂದು ಪದವನ್ನು ನೋಡುತ್ತ ಸಂಜೆಯವರೆಗೆ ಕೂತಿದ್ದೆ. ಹೊರಗೆ ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. ಹೋಟೆಲಿಗೆ ಹೋದಾಗ ತಟ್ಟೆ ತಾನಾಗಿ ಬಂತು.

ದೊಡ್ಡಮ್ಮ ಬದುಕಿದರು. ಜ್ವರ ಒಮ್ಮೆ ಬಿಟ್ಟು ಮತ್ತೆ ಬಂದು, ಮೂರು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಹೋದರು. ಬೇಗ ಕರೆತಂದದ್ದು ಒಳ್ಳೆಯದಾಯಿತು ಎಂದು ವೈದ್ಯರು ನನ್ನ ಮುಂದೆಯೇ ಹೇಳಿದರು. ಅದನ್ನು ಹೊಗಳಿಕೆ ಎಂದು ತೆಗೆದುಕೊಳ್ಳುವ ಧೈರ್ಯ ನನಗಿರಲಿಲ್ಲ. ಒಂದು ಸಲ ನೋಡಲು ಹೋಗಿದ್ದೆ. ಗೋಡೆಯ ಕಡೆ ತಿರುಗಿ ಮಲಗಿದ್ದರು. ಎಬ್ಬಿಸದೆ, ಕಿತ್ತಳೆ ಇಟ್ಟು ಬಂದೆ. ಆ ತಪ್ಪು ನನ್ನದೆಂದು ಅವರಿಗೆ ಗೊತ್ತೋ ಇಲ್ಲವೋ, ನಾನಂತೂ ಹೇಳಲಿಲ್ಲ.

ಮುಂದಿನ ಸೋಮವಾರದ ವರದಿಯಲ್ಲಿ ನನ್ನ ಆ ಗಮನಾರ್ಹ ವಾಕ್ಯವನ್ನು ಹಿಂತೆಗೆದುಕೊಂಡು, ಕಾರಣ ಬರೆದೆ. ‘ಬಾಯಲ್ಲಿ ಹೇಳಿದ ಜಾಗ’ ಎಂದು ಪಟ್ಟಿಗೆ ಇನ್ನೊಂದು ಅಂಕಣ ಸೇರಿಸಲು ಹೊರಟೆ. ಸರ್ವರ್ ಒಪ್ಪಲಿಲ್ಲ. ನನಗೆ ಓದುವ ಹಕ್ಕು ಮಾತ್ರ ಇತ್ತು, ಬರೆಯುವ ಹಕ್ಕು ಇರಲಿಲ್ಲ. ಆದ್ದರಿಂದ ಆ ಅಂಕಣವನ್ನು ನನ್ನ ಮೇಜಿನ ಕಂಪ್ಯೂಟರಿನಲ್ಲಿಯೇ ಬೇರೆ ಕಡತದಲ್ಲಿ ಇಟ್ಟುಕೊಂಡು, ಸೋಮವಾರ ಬಂದಾಗ ಎರಡನ್ನೂ ಜೋಡಿಸಿ ಚುಕ್ಕೆಗಳನ್ನು ಸರಿಯಾದ ಜಾಗಕ್ಕೆ ಎಳೆಯುತ್ತೇನೆ. ನಾನು ಈ ಊರು ಬಿಟ್ಟ ಮೇಲೆ ಅದನ್ನು ಯಾರು ತೆರೆದು ನೋಡುತ್ತಾರೋ ಗೊತ್ತಿಲ್ಲ. ಬಿಡುವ ಯೋಚನೆಯನ್ನು ಸದ್ಯಕ್ಕೆ ಮುಂದೆ ಹಾಕಿದ್ದೇನೆ.

ಮೇಜಿನ ಫೋನ್ ಬಡಿದುಕೊಂಡರೆ ಈಗ ಮೊಬೈಲನ್ನು ಕವುಚಿ ಇಡುತ್ತೇನೆ. ಮೊನ್ನೆ ಕೆರೆಕಟ್ಟೆ ಕಡೆಯ ಅಕ್ಕ ತಿರುವಿನಿಂದ ಮಾಡಿದ್ದರು. ಜಾಗ ಹೇಳಿದರು. ‘ಬರ್ಕೊಂಡೆ ಅಕ್ಕ’ ಎಂದೆ.

“ಓದಿ ಹೇಳಿ ಸಾರ್” ಎಂದರು.

ಪರದೆಯ ಮೇಲಿದ್ದುದನ್ನು ಮೊದಲಿನಿಂದ ಓದಿ ಹೇಳಿದೆ.